ಅಂಗಸಾಧಕ ಕೆ. ವಿ. ಅಯ್ಯರ್

ಕನ್ನಡ ಕಾದಂಬರಿಗಳನ್ನು ಓದುವ ಹವ್ಯಾಸವುಳ್ಳವರಿಗೆ ಕೆ. ವಿ. ಅಯ್ಯರ್ ಅವರ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯನ್ನು ಕುರಿತು ಅವರು ಬರೆದ ಶಾಂತಲಾ ಎಂಬ ಗ್ರಂಥದಿಂದ ಅವರ ಹೆಸರು ನಾಡಿನ ಮೂಲೆಮೂಲೆಗೂ ಮುಟ್ಟಿದೆ. ಆದರೆ ಅವರು ಕಾದಂಬರಿಗೆ ಕೈಹಾಕುವ ಹೊತ್ತಿಗೆ ಐವತ್ತರ ಆಸುಪಾಸಿನಲ್ಲಿದ್ದರು. ಅದಕ್ಕೆ ಮುಂಚೆ ಹಲವು ದಶಕಗಳ ಕಾಲ ಅವರು ಹೆಸರು ಪಡೆದಿದ್ದುದು ಲೇಖನಿಯಿಂದಲ್ಲ, ಮೈಕಟ್ಟಿನಿಂದ. ಬೆಂಗಳೂರಿನಲ್ಲಿ ಪ್ರೊಫೆಸರ್ ಅಯ್ಯರ್ ಎಂದರೆ ಅಂಗಸಾಧನೆಯ ಗುರುಗಳೆಂದೇ ಜನ ತಿಳಿಯುತ್ತಿದ್ದರು. ನಾನು ಇಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಆ ಗುರುವಿನ ಕಥೆಯನ್ನು; ಕಾದಂಬರಿಕಾರರ ಮಾತು ಕೊನೆಯಲ್ಲಿ ಬರುತ್ತದೆ.

ಅವರನ್ನು ಈಗ ನೆನೆಯುವುದಕ್ಕೆ ಒಂದು ಕಾರಣವುಂಟು. ೨೦೨೩ರಲ್ಲಿ ನಮ್ಮ ದೇಶದ ಕ್ರೀಡಾಪಟುಗಳಿಂದ ಐದೂವರೆ ಸಾವಿರಕ್ಕೂ ಮಿಕ್ಕ ಮಾದರಿಗಳನ್ನು ತೆಗೆದು ಪರೀಕ್ಷಿಸಿದಾಗ, ನೂರಕ್ಕೆ ಹೆಚ್ಚುಕಡಿಮೆ ನಾಲ್ಕರಲ್ಲಿ ನಿಷಿದ್ಧವಾದ ಉದ್ದೀಪನ ಮದ್ದು ಕಂಡುಬಂದಿತು. ಅಷ್ಟು ಸಂಖ್ಯೆಯಲ್ಲಿ ಪರೀಕ್ಷೆ ನಡೆಸುವ ದೇಶಗಳ ಪೈಕಿ ಇದೇ ಅತ್ಯಧಿಕ ಪ್ರಮಾಣವೆಂದು ವಿಶ್ವ ಉದ್ದೀಪನ ಮದ್ದು ತಡೆ ಘಟಕದವರು, ಅಂದರೆ ವಾಡಾದವರು, ಪ್ರಕಟಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೆಹಲಿಯ ಒಂದು ಕ್ರೀಡಾಕೂಟದಲ್ಲಿ ಪರೀಕ್ಷಕರು ಬಂದಿದ್ದಾರೆಂಬ ಸುದ್ದಿ ಹಬ್ಬಿದ್ದೇ ತಡ, ಓಟಗಾರರು ಒಬ್ಬೊಬ್ಬರಾಗಿ ಮಾಯವಾಗಿ, ನೂರು ಮೀಟರ್ ಓಟದ ಅಂತಿಮ ಸ್ಪರ್ಧೆಯಲ್ಲಿ ಒಬ್ಬನೇ ಒಬ್ಬನು ಓಡಬೇಕಾಯಿತು. ಎದುರಾಳಿಯಿಲ್ಲದ ಓಟವನ್ನು ಓಟವೆನ್ನಬಹುದೇ ಎಂಬುದನ್ನು ವಾಚಕರೇ ಯೋಚಿಸಲಿ.

ಇದು ದೆಹಲಿಯ ಮಾತೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿಯ ಕಡೆ ಬೆಳಗಿನ ಜಾವದಲ್ಲಿ ರಸ್ತೆಯ ಮೇಲೆ ಹುಡುಗರು ಓಡುತ್ತಿರುವುದನ್ನು ಕಾಣದವರಾರು? ಅವರಲ್ಲಿ ಪದಕದ ಆಸೆಯುಳ್ಳವರು ಕಡಿಮೆ. ಪೊಲೀಸು ಇಲಾಖೆಗೋ ಸೈನ್ಯಕ್ಕೋ ಸೇರಬೇಕೆಂಬುದೇ ಅವರ ಗುರಿ. ೧೬೦೦ ಮೀಟರ್ ಓಟದಲ್ಲಿ ನಾಲ್ಕು ಸೆಕೆಂಡು ತಡವಾದರೆ ಒಂದು ಮನೆಯ ಆಸೆಯೇ ಮಣ್ಣುಪಾಲಾಗುತ್ತದೆ. ಇಂತಹ ಹುಡುಗನ ಕೈಗೆ ಯಾರಾದರೂ ಒಂದು ಡಬ್ಬಿ ಪುಡಿಯನ್ನೋ ಒಂದು ಸೂಜಿಮದ್ದನ್ನೋ ಕೊಟ್ಟು, ಇದು ಬಲಕ್ಕೆ ಒಳ್ಳೆಯದೆಂದು ಹೇಳಿದರೆ ಅವನು ಏನು ಮಾಡಬೇಕು? ಅದರಲ್ಲಿಯೂ ಕೊಟ್ಟವನು ಅವನಿಗೆ ದಾರಿ ತೋರಿಸುತ್ತಿರುವ ಗುರುವೇ ಆಗಿದ್ದರೆ? ಅಯ್ಯರ್ ಅವರು ಉದ್ದೀಪನ ಮದ್ದಿನ ವಿರುದ್ಧ ಹೋರಾಡಿದವರೆಂದು ನಾನು ಹೇಳುವುದಿಲ್ಲ. ಅವರು ಹೆಸರು ಮಾಡಿದ ಕಾಲದಲ್ಲಿ ಆ ಹೋರಾಟವೇ ಇನ್ನೂ ಹುಟ್ಟಿರಲಿಲ್ಲ. ಆದರೆ ಗುರುವಾದವನು ಶಿಷ್ಯನಿಗೆ ಏನನ್ನು ಕೊಡಬೇಕು ಎಂಬ ವಿಷಯದಲ್ಲಿ ಅವರ ಜೀವನವು ಕಲಿಸುವುದು ಬಹಳವಿದೆ.

ಕೋಲಾರ ವೆಂಕಟೇಶ ಅಯ್ಯರ್ ಎಂಬುದು ಅವರ ಪೂರ್ಣ ಹೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಹೆಸರೇ ಹೇಳುವಂತೆ ಕೋಲಾರದ ಸೀಮೆಯಲ್ಲಿ ಹುಟ್ಟಿದವರು. ಅವರು ಬಾಲಕರಾಗಿದ್ದ ಕಾಲವು ಭಾರತದಲ್ಲಿ ದೇಹಬಲದ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತಿದ್ದ ಕಾಲ. ಯೂರೋಪಿನಲ್ಲಿ ಪ್ರಸಿದ್ಧನಾಗಿದ್ದ ಯೂಜೀನ್ ಸ್ಯಾಂಡೋ ಎಂಬ ಬಲಶಾಲಿಯು ೧೯೦೪–೦೫ರಲ್ಲಿ ನಮ್ಮ ದೇಶದಲ್ಲಿ ಸಂಚರಿಸಿ ಊರೂರಿನಲ್ಲಿಯೂ ತನ್ನ ಮೈಕಟ್ಟನ್ನು ಪ್ರದರ್ಶಿಸಿದ್ದನು. ಆಂಧ್ರದ ಕೋಡಿ ರಾಮಮೂರ್ತಿ ನಾಯುಡು ಅವರು ಎದೆಯ ಮೇಲೆ ಆನೆಯನ್ನು ಹತ್ತಿಸಿಕೊಂಡು ಸರ್ಕಸ್ಸಿನ ಜನರನ್ನು ಬೆರಗುಗೊಳಿಸುತ್ತಿದ್ದರು. ೧೯೧೦ರಲ್ಲಿ ಗಾಮಾ ಪೈಲ್ವಾನನು ಲಂಡನ್ನಿಗೆ ಹೋಗಿ ಅಲ್ಲಿಯ ಮಲ್ಲರ ಗರ್ವವನ್ನು ಇಳಿಸಿ ಬಂದನು. ಪರರ ಆಳ್ವಿಕೆಯಲ್ಲಿದ್ದ ಜನಕ್ಕೆ ಇವೆಲ್ಲ ಬರಿಯ ವಿನೋದವಾಗಿರಲಿಲ್ಲ; ನಮ್ಮ ತೋಳಿನಲ್ಲಿಯೂ ಕಸುವಿದೆ ಎಂಬ ಸಮಾಧಾನ ಅದರಲ್ಲಿದ್ದಿತು.

ಅಯ್ಯರ್ ಅವರು ಈ ಗಾಳಿಯನ್ನು ಕುಡಿದು ಬೆಳೆದವರು. ೧೯೨೦ರ ದಶಕದಲ್ಲಿ ಅವರು ಬೆಂಗಳೂರಿನಲ್ಲಿ ಒಂದು ವ್ಯಾಯಾಮಶಾಲೆಯನ್ನು ಆರಂಭಿಸಿ ಅದಕ್ಕೆ ಗ್ರೀಕರ ಪುರಾಣವೀರನ ಹೆಸರನ್ನಿಟ್ಟು ಹರ್ಕ್ಯುಲಿಸ್ ಜಿಮ್ನೇಷಿಯಂ ಎಂದು ಕರೆದರು. ಹನುಮಂತನ ಗರಡಿಗಳು ತುಂಬಿದ ನಾಡಿನಲ್ಲಿ ಹರ್ಕ್ಯುಲಿಸನಿಗೇಕೆ ಮಣೆ ಹಾಕಿದರೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಒಳಗೆ ನಡೆಯುತ್ತಿದ್ದ ಸಾಧನೆಯನ್ನು ನೋಡಿದರೆ ಆ ಆಕ್ಷೇಪಣೆ ನಿಲ್ಲುವುದಿಲ್ಲ. ಪಶ್ಚಿಮದ ಡಂಬೆಲ್ಲು, ಬಾರ್‌ಬೆಲ್ಲುಗಳ ಪಕ್ಕದಲ್ಲಿಯೇ ಸೂರ್ಯನಮಸ್ಕಾರವೂ ಹಠಯೋಗದ ಆಸನಗಳೂ ಅಲ್ಲಿ ನಡೆಯುತ್ತಿದ್ದವು. ಕಬ್ಬಿಣದ ಗುಂಡುಗಳಿಂದ ಹೊರಗಿನ ಮಾಂಸಖಂಡ ಬೆಳೆಯುವುದು ನಿಜ, ಆದರೆ ಹೊಟ್ಟೆಯೊಳಗಿನ ಅಂಗಗಳೂ ಉಸಿರಾಟವೂ ಬೆನ್ನುಹುರಿಯೂ ಚೆನ್ನಾಗಿರಬೇಕಾದರೆ ಆಸನಗಳು ಬೇಕು ಎಂಬುದು ಅವರ ನಂಬಿಕೆ. ತಾವು ಕಲಿಸುವ ಕ್ರಮ ಸ್ವದೇಶಿಯೋ ವಿದೇಶಿಯೋ ಎಂಬ ಚರ್ಚೆಗೆ ಅವರು ಹೋಗಲಿಲ್ಲ. ಯಾವುದರಿಂದ ದೇಹಕ್ಕೆ ಏನು ಲಾಭವೆಂಬುದಷ್ಟೇ ಅವರಿಗೆ ಮುಖ್ಯವಾಗಿದ್ದಿತು.

೧೯೩೦ರಲ್ಲಿ ಮಸಲ್ ಕಲ್ಟ್ ಎಂಬ ಇಂಗ್ಲಿಷ್ ಪುಸ್ತಕವನ್ನು ಅವರು ಪ್ರಕಟಿಸಿದರು. ೧೯೩೭ರಲ್ಲಿ ಸೂರ್ಯನಮಸ್ಕಾರದ ಮೇಲೆ ಇನ್ನೊಂದು ಪುಸ್ತಕ ಬಂದಿತು. ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ನಿಂತು ತೆಗೆಸಿಕೊಂಡ ಅವರ ಭಾವಚಿತ್ರಗಳು ಸಾಗರದಾಚೆಯ ದೇಹದಾರ್ಢ್ಯ ಪತ್ರಿಕೆಗಳಲ್ಲಿಯೂ ಅಚ್ಚಾದವು. ತಮ್ಮ ಮೈಕಟ್ಟಿನ ಬಗ್ಗೆ ಅವರಿಗೆ ಸಂಕೋಚವೆಂಬುದೇ ಇರಲಿಲ್ಲ. ದೇವತೆಗಳೂ ಆಸೆಪಡುವಂತಹ ದೇಹ ತಮ್ಮದೆಂಬ ಅರ್ಥದಲ್ಲಿ ಅವರು ಬರೆದುಕೊಂಡದ್ದುಂಟು. ನಮ್ಮ ಕಡೆಯ ಹಿರಿಯರು ಇದನ್ನು ಕೇಳಿದ್ದರೆ ದೃಷ್ಟಿಯಾದೀತು, ಬಾಯಿ ಮುಚ್ಚಿಕೊ ಎಂದಿರುತ್ತಿದ್ದರು! ಈ ಆತ್ಮಪ್ರಶಂಸೆ ನನಗೂ ಸ್ವಲ್ಪ ಅತಿಯೆನ್ನಿಸುತ್ತದೆ. ಆದರೆ ಒಂದು ಮಾತನ್ನು ಮರೆಯಬಾರದು. ಬೆವರು ಹರಿಸಿ ಸಂಪಾದಿಸಿದ್ದನ್ನು ಹೇಳಿಕೊಳ್ಳುವವನಿಗೂ ಸಾಲ ತಂದ ಒಡವೆಯನ್ನು ತೊಟ್ಟು ಮೆರೆಯುವವನಿಗೂ ಬಹಳ ವ್ಯತ್ಯಾಸವಿದೆ.

ಮೈಸೂರಿನ ಅರಸರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ಅಯ್ಯರ್ ಅವರಿಗೆ ಪೋಷಕರಾದರು. ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆಯನ್ನು ನಡೆಸುತ್ತಿದ್ದ ೧೯೩೦ರ ದಶಕದಲ್ಲಿಯೇ ಅದೇ ಅರಮನೆಯಲ್ಲಿ ಅಯ್ಯರ್ ಅವರ ಶಿಷ್ಯ ಅನಂತರಾವ್ ಅವರು ಗುರುವಿನ ಪದ್ಧತಿಯ ವ್ಯಾಯಾಮವನ್ನು ಕಲಿಸುತ್ತಿದ್ದರು. ಬೆಂಗಳೂರಿನ ಯೋಗಾಚಾರ್ಯ ಸುಂದರಂ ಅವರೊಡನೆ ಅಯ್ಯರ್ ಅವರು ಊರೂರಿಗೆ ಹೋಗಿ ಉಪನ್ಯಾಸ, ಪ್ರದರ್ಶನಗಳನ್ನು ನಡೆಸಿದರು; ಒಬ್ಬರದು ಆಸನ, ಇನ್ನೊಬ್ಬರದು ಮಾಂಸಖಂಡಗಳ ವಿನ್ಯಾಸ. ಮುಂದೆ ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆಗೆ ಸ್ವಂತ ಕಟ್ಟಡವಾಯಿತು. ಅಂಗಸಾಧನೆಯಿಂದ ಕಾಯಿಲೆಗಳನ್ನು ಗುಣಪಡಿಸಬಹುದೆಂದು ನಂಬಿ, ಪೈಲ್ವಾನರಾಗಲು ಬಂದವರಿಗಷ್ಟೇ ಅಲ್ಲದೆ ರೋಗಿಗಳಿಗೂ ಅಲ್ಲಿ ಅವರು ಸಾಧನೆ ಮಾಡಿಸುತ್ತಿದ್ದರು.

ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಅಂಚೆಯ ಮೂಲಕ ಅವರು ನಡೆಸಿದ ಪಾಠ. ದೂರದ ಊರುಗಳಲ್ಲಿದ್ದು ಬೆಂಗಳೂರಿಗೆ ಬರಲಾರದವರಿಗೆ ಅವರು ಮುದ್ರಿತ ಪಾಠಗಳನ್ನು ಕಳುಹಿಸುತ್ತಿದ್ದರು. ಇದರ ಮಹತ್ವವನ್ನು ತಿಳಿಯಬೇಕಾದರೆ ನಮ್ಮ ಗರಡಿಯ ಪದ್ಧತಿಯನ್ನು ನೆನೆಯಬೇಕು. ಗರಡಿಮನೆಯಲ್ಲಿ ಕಲಿಯುವುದೆಲ್ಲ ಕಣ್ಣಿನಿಂದ ಮತ್ತು ಮೈಯಿಂದ. ವಸ್ತಾದನು ನೂರು ಬಸ್ಕಿ ಹೊಡೆ ಎಂದರೆ ನೂರು, ಇನ್ನೂರು ಎಂದರೆ ಇನ್ನೂರು. ಏಕೆಂದು ಕೇಳುವ ವಾಡಿಕೆಯಿಲ್ಲ. ಅಂಚೆಯ ಪಾಠದಲ್ಲಿ ಗುರುವು ಎದುರಿಗೆ ನಿಂತಿರುವುದಿಲ್ಲವಾದ್ದರಿಂದ ಏಕೆ ಎಂಬುದನ್ನು ಬರೆದೇ ತಿಳಿಸಬೇಕಾಗುತ್ತದೆ. ಈ ಚಲನೆಯಿಂದ ಯಾವ ಸ್ನಾಯು ದುಡಿಯುತ್ತದೆ, ಎಷ್ಟು ಸಲ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಶಿಷ್ಯನಿಗೆ ಸ್ವತಃ ಅರ್ಥವಾಗಬೇಕು. ವ್ಯಾಯಾಮದಿಂದ ದೇಹದೊಳಗೆ ಆಗುವ ರಾಸಾಯನಿಕ ಬದಲಾವಣೆಗಳನ್ನು ಕುರಿತೇ ಅಯ್ಯರ್ ಅವರು ಒಂದು ಪುಸ್ತಕ ಬರೆದರೆಂಬುದು ಇಲ್ಲಿ ಗಮನಾರ್ಹ. ಶಿಷ್ಯನಿಗೆ ಓದು ಬರುತ್ತದೆ, ಅವನಿಗೆ ಬುದ್ಧಿಯಿದೆ ಎಂದು ಒಪ್ಪಿಕೊಂಡು ಪಾಠ ಹೇಳಿದ ಗುರು ಅವರು.

ಇನ್ನು ಆ ಭಾವಚಿತ್ರಗಳ ವಿಷಯ. ಮಸಲ್ ಕಲ್ಟ್ ಪ್ರಕಟವಾದದ್ದು ೧೯೩೦ರಲ್ಲಿ ಎಂದೆನಷ್ಟೆ. ಗಂಡಸಿನ ದೇಹದಲ್ಲಿ ಮಾಂಸಖಂಡವನ್ನು ಬೆಳೆಸುವ ಟೆಸ್ಟೋಸ್ಟಿರೋನ್ ಎಂಬ ರಸವನ್ನು ಪ್ರಯೋಗಶಾಲೆಯಲ್ಲಿ ಮೊಟ್ಟಮೊದಲು ತಯಾರಿಸಿದ್ದು ೧೯೩೫ರಲ್ಲಿ. ಅದನ್ನು ಅನುಸರಿಸಿದ ಡಯಾನಬಾಲ್ ಎಂಬ ಗುಳಿಗೆ ಅಮೆರಿಕದ ಅಂಗಡಿಗೆ ಬಂದದ್ದು ೧೯೫೮ರಲ್ಲಿ. ಇಂದಿನ ಸ್ಟಿರಾಯ್ಡುಗಳೆಲ್ಲ ಅದರ ಬಂಧುಬಳಗವೇ. ಆದುದರಿಂದ ಅಯ್ಯರ್ ಅವರ ಆ ಚಿತ್ರಗಳಲ್ಲಿ ಕಾಣುವ ಎದೆ, ತೋಳುಗಳಲ್ಲಿ ಯಾವ ಕಾರ್ಖಾನೆಯ ಮದ್ದಿನ ಪಾಲೂ ಇರಲು ಸಾಧ್ಯವೇ ಇರಲಿಲ್ಲ. ಮದ್ದಿಲ್ಲದೆ ಮೈ ಬರುವುದಿಲ್ಲ ಎಂದು ಹೇಳುವವರಿಗೆ ತೋರಿಸಲು ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಹಾಗೆಂದು ಹಿಂದಿನ ಕಾಲವೆಲ್ಲ ಶುದ್ಧವಾಗಿತ್ತೆಂದು ತಿಳಿಯಬಾರದು. ೧೯೦೪ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಒಲಿಂಪಿಕ್ಕಿನ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್ ಎಂಬವನಿಗೆ ಅವನ ಕಡೆಯವರು ದಾರಿಯುದ್ದಕ್ಕೂ ಸ್ಟ್ರಿಕ್ನಿನ್ ಎಂಬ ವಿಷವನ್ನೂ ಬ್ರಾಂದಿಯನ್ನೂ ಕುಡಿಸುತ್ತ ಓಡಿಸಿದರು. ಅವನು ಸತ್ತು ಬದುಕಿದನು. ೧೯೬೦ರಲ್ಲಿ ರೋಮಿನಲ್ಲಿ ಡೆನ್ಮಾರ್ಕಿನ ಸೈಕಲ್ ಸವಾರನೊಬ್ಬನು ಸ್ಪರ್ಧೆಯ ನಡುವೆಯೇ ಕುಸಿದುಬಿದ್ದು ಸತ್ತನು. ೧೯೬೭ರಲ್ಲಿ ಟಾಮ್ ಸಿಂಪ್ಸನ್ ಎಂಬ ಇಂಗ್ಲೆಂಡಿನ ಸವಾರನು ಫ್ರಾನ್ಸಿನ ಬೆಟ್ಟವೊಂದನ್ನು ಹತ್ತುವಾಗ ಪ್ರಾಣ ಬಿಟ್ಟನು. ಅವನ ದೇಹದಲ್ಲಿ ಆಂಫೆಟಮೀನ್ ಸಿಕ್ಕಿತು. ಅಂದಿನಿಂದ ಕಾನೂನು ಬಿಗಿಯಾಗುತ್ತ ಬಂದು, ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಕಿನಲ್ಲಿ ಸ್ಟಿರಾಯ್ಡುಗಳ ಪರೀಕ್ಷೆ ಪ್ರಾರಂಭವಾಗಿ, ೧೯೯೯ರಲ್ಲಿ ವಾಡಾ ಸ್ಥಾಪನೆಯಾಯಿತು. ನಮ್ಮ ಸಂಸತ್ತು ಈ ಬಗ್ಗೆ ೨೦೨೨ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಿತು.

ಶಾಸನದಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ, ಉಳಿದದ್ದು ಶಿಕ್ಷಣದಿಂದಲೇ ಆಗಬೇಕೆಂದು ಈಗ ಎಲ್ಲರೂ ಒಪ್ಪುತ್ತಾರೆ. ೨೦೨೧ರಿಂದ ವಾಡಾದ ನಿಯಮಾವಳಿಯಲ್ಲಿ ಶಿಕ್ಷಣಕ್ಕೆಂದೇ ಒಂದು ಪ್ರತ್ಯೇಕ ಮಾನದಂಡವಿದೆ. ಕ್ರೀಡಾಪಟುವಿಗೆ ಮೊದಲು ಸಿಗಬೇಕಾದದ್ದು ಪರೀಕ್ಷೆಯಲ್ಲ, ಪಾಠ ಎಂದು ಅದು ಹೇಳುತ್ತದೆ. ಮೌಲ್ಯಗಳನ್ನು ಬೆಳೆಸುವುದೂ ಆ ಪಾಠದ ಒಂದು ಅಂಗ. ಆದರೆ ಯಾರ ಮೌಲ್ಯ? ಪ್ರಶ್ನೆಯ ಗಂಟಿರುವುದು ಇಲ್ಲಿಯೇ. ಪಶ್ಚಿಮದವರು ಸಾಮಾನ್ಯವಾಗಿ ಸಮಾನರ ನಡುವಣ ನ್ಯಾಯವಾದ ಸ್ಪರ್ಧೆಯಿಂದ ಮಾತು ಆರಂಭಿಸುತ್ತಾರೆ: ಎದುರಾಳಿಗೆ ಮೋಸ ಮಾಡಬಾರದು. ನಮ್ಮ ಗರಡಿಯವನ ಮಾತು ಆರಂಭವಾಗುವುದು ಎದುರಾಳಿಯಿಂದಲ್ಲ, ತನ್ನ ಮೈಯಿಂದ. ಮೈ ಅವನಿಗೆ ಆಂಜನೇಯನಿಗೆ ಒಪ್ಪಿಸಿದ ವಸ್ತು. ಸ್ನಾನ ಮಾಡದೆ ಮಟ್ಟಿಗೆ ಇಳಿಯಬಾರದು, ಮಣ್ಣನ್ನು ಹಣೆಗೆ ಹಚ್ಚಿಕೊಳ್ಳದೆ ಸಾಮು ಮಾಡಬಾರದು, ಬ್ರಹ್ಮಚರ್ಯ ಕೆಡಬಾರದು, ಹೆಂಡ ಮುಟ್ಟಬಾರದು, ಹಾಲು ಬಾದಾಮಿಯೇ ಪುಷ್ಟಿ. ಇಂತಹ ಹುಡುಗನಿಗೆ ನಿಷಿದ್ಧ ವಸ್ತುಗಳ ಇಂಗ್ಲಿಷ್ ಪಟ್ಟಿಯನ್ನು ಕೈಗೆ ಕೊಟ್ಟರೆ ಅದು ಅವನ ಮನಸ್ಸಿಗೆ ಇಳಿಯುವುದಿಲ್ಲ. ಯಕೃತ್ತನ್ನೂ ಹೃದಯವನ್ನೂ ಕೆಡಿಸಿ ಸಂತಾನಶಕ್ತಿಯನ್ನೇ ಕುಗ್ಗಿಸುವ ಸೂಜಿಮದ್ದು ಮಟ್ಟಿಗೆ ಮೈಲಿಗೆ ಎಂದರೆ ಥಟ್ಟನೆ ಇಳಿಯುತ್ತದೆ.

ಗರಡಿಯ ಮೌಲ್ಯಗಳು ಇಷ್ಟು ಒಳ್ಳೆಯವಾದರೆ ನಮ್ಮಲ್ಲಿ ಮದ್ದಿನ ಹಾವಳಿ ಏಕೆ ಎಂದು ಯಾರಾದರೂ ಕೇಳಬಹುದು. ಬಡತನ, ನೌಕರಿಯ ಆಸೆ, ಬೇಗ ಫಲ ಬೇಕೆಂಬ ಆತುರ ಇವೆಲ್ಲ ಕಾರಣಗಳೇ ಸರಿ. ಆದರೆ ಆ ಮೌಲ್ಯಗಳಲ್ಲಿಯೇ ಒಂದು ಬಿರುಕು ಇದೆ ಎಂದು ನನಗೆ ತೋರುತ್ತದೆ. ಅದು ಗುರುವನ್ನು ಪ್ರಶ್ನಿಸಬಾರದೆಂಬ ನಿಯಮ. ಗುರುವು ಒಳ್ಳೆಯವನಾದರೆ ಆ ನಿಯಮವೇ ಶಿಷ್ಯನಿಗೆ ಕೋಟೆ. ಗುರುವು ಆಸೆಬುರುಕನಾದರೆ, ಇಲ್ಲವೆ ತಿಳಿಯದವನಾದರೆ, ಅದೇ ನಿಯಮ ಶಿಷ್ಯನಿಗೆ ಸೆರೆಮನೆ.

ಇದು ನಮ್ಮ ಸಂಸ್ಕೃತಿಯೊಂದರ ದೋಷವಲ್ಲ. ಪೂರ್ವ ಜರ್ಮನಿಯಲ್ಲಿ ೧೯೭೪ರಿಂದ ಸರಕಾರವೇ ಗುಟ್ಟಾಗಿ ಒಂದು ಯೋಜನೆಯನ್ನು ಹಾಕಿಕೊಂಡು ಸಾವಿರಾರು ಕ್ರೀಡಾಪಟುಗಳಿಗೆ ಸ್ಟಿರಾಯ್ಡು ಗುಳಿಗೆಗಳನ್ನು ನುಂಗಿಸಿತು. ಅವರಲ್ಲಿ ಇನ್ನೂ ಬಾಲಕಿಯರಾಗಿದ್ದ ಈಜುಗಾರ್ತಿಯರೂ ಇದ್ದರು. ಜೀವಸತ್ವದ ಗುಳಿಗೆಯೆಂದು ತರಬೇತುದಾರರು ಹೇಳಿದರು, ಮಕ್ಕಳು ನುಂಗಿದರು. ಅಲ್ಲಿ ಗುರುಭಕ್ತಿಯೆಂಬ ಹೆಸರಿರಲಿಲ್ಲ. ದೇಶಕ್ಕಾಗಿ ಶಿಸ್ತು ಎಂಬ ಹೆಸರಿದ್ದಿತು. ಬರ್ಲಿನ್ ಗೋಡೆ ಬಿದ್ದ ಬಳಿಕ ಆ ಹೆಣ್ಣುಮಕ್ಕಳು ನ್ಯಾಯಾಲಯಕ್ಕೆ ಬಂದು ತಮ್ಮ ಕೆಟ್ಟ ಆರೋಗ್ಯದ ಕಥೆಯನ್ನು ಹೇಳಿಕೊಳ್ಳಬೇಕಾಯಿತು.

ನಮ್ಮ ನಾಡಿನದೇ ನಿದರ್ಶನ ಬೇಕಾದರೆ ೨೦೧೧ನೆಯ ವರ್ಷವನ್ನು ನೋಡಬಹುದು. ಅದರ ಹಿಂದಿನ ವರ್ಷವಷ್ಟೇ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದಿದ್ದ ಕರ್ನಾಟಕದ ಅಶ್ವಿನಿ ಅಕ್ಕುಂಜಿ ಅವರೂ ಅವರ ಜೊತೆಯ ಓಟಗಾರ್ತಿಯರೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ವಿದೇಶೀ ತರಬೇತುದಾರರು ತಂದುಕೊಟ್ಟ ಜಿನ್‌ಸೆಂಗ್ ಎಂಬ ಬೇರಿನ ಗುಳಿಗೆಯನ್ನು ನಂಬಿ ಸೇವಿಸಿದ್ದೇ ಇದಕ್ಕೆ ಕಾರಣವೆಂದು ಅವರು ವಾದಿಸಿದರು. ಭಾರತದ ವಿಚಾರಣಾ ಮಂಡಲಿಯು ಒಂದು ವರ್ಷದ ನಿಷೇಧ ವಿಧಿಸಿತು. ಮೇಲಿನ ಅಂತರರಾಷ್ಟ್ರೀಯ ನ್ಯಾಯಮಂಡಲಿಯು ೨೦೧೨ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ತರಬೇತುದಾರನೂ ಕೆಲಸ ಕಳೆದುಕೊಂಡನು. ಆದರೆ ಪ್ರಾಯದಲ್ಲಿದ್ದ ಓಟಗಾರ್ತಿಗೆ ಎರಡು ವರ್ಷವೆಂದರೆ ಎಷ್ಟೆಂಬುದನ್ನು ಓಡಿದವರೇ ಬಲ್ಲರು. ವಾಡಾದ ನಿಯಮ ಇಲ್ಲಿ ಬಹು ಕಠಿನ: ಯಾರು ಕೊಟ್ಟರು, ಏನೆಂದು ಕೊಟ್ಟರು ಎಂಬುದು ಶಿಕ್ಷೆಯ ಪ್ರಮಾಣವನ್ನು ಕಡಿಮೆ ಮಾಡಬಹುದಾದರೂ, ದೇಹದಲ್ಲಿ ಸಿಕ್ಕಿದ್ದಕ್ಕೆ ದೇಹದ ಒಡೆಯನೇ ಹೊಣೆ.

ಗರಡಿಯ ಧರ್ಮದಲ್ಲಿ ಶಿಷ್ಯನ ಹೊಣೆಯೆಲ್ಲ ಗುರುವಿನದು. ವಾಡಾದ ಧರ್ಮದಲ್ಲಿ ಅದು ಶಿಷ್ಯನದೇ. ಈ ಎರಡರ ನಡುವೆ ಸಿಕ್ಕಿಕೊಂಡಿರುವವನೇ ನಮ್ಮ ಹಳ್ಳಿಯ ಹುಡುಗ. ಅವನ ತಂದೆತಾಯಿಗಳಿಗೆ ಡಬ್ಬಿಯ ಮೇಲಿನ ಅಕ್ಷರ ಓದಲು ಬಾರದು. ಅವನಿಗೆ ಓದು ಬಂದರೂ ಆ ಅಕ್ಷರ ಇಂಗ್ಲಿಷಿನದು. ಗುರುವನ್ನು ಬಿಡು ಎಂದು ಅವನಿಗೆ ಹೇಳುವುದು ತಪ್ಪು. ಹಾಗೆ ಹೇಳಿದರೆ ಅವನು ಕೇಳುವುದೂ ಇಲ್ಲ. ಮೌಲ್ಯಗಳನ್ನು ಕಲಿಸುವವರು ಗುರುವಿನಿಂದಲೇ ಆರಂಭಿಸಬೇಕು. ತಾನು ಕೊಡುವ ವಸ್ತು ಯಾವುದು, ಅದರಿಂದ ಏನಾಗುತ್ತದೆ ಎಂದು ಶಿಷ್ಯನಿಗೆ ಬಿಡಿಸಿ ಹೇಳಲಾರದ ವಸ್ತಾದನು ಅದನ್ನು ಕೊಡಕೂಡದು. ಶಿಷ್ಯನು ಕೇಳಿದರೆ ಅದು ಅಗೌರವವೆಂದು ಭಾವಿಸಕೂಡದು. ಅಯ್ಯರ್ ಅವರು ಅಂಚೆಯ ಪಾಠಗಳಲ್ಲಿ ಇದನ್ನು ಮಾಡಿ ತೋರಿಸಿದ್ದರು. ಗುರುವಿನ ಸ್ಥಾನ ಅದರಿಂದ ಕುಗ್ಗಲಿಲ್ಲ. ಅವರನ್ನು ಕಂಡೇ ಇರದವರು ಕೂಡ ಅವರನ್ನು ಗುರುವೆಂದು ಕರೆಯುವಂತಾಯಿತು.

ಇನ್ನು ಅಯ್ಯರ್ ಅವರ ಬಾಳಿನ ಇನ್ನೊಂದು ಮುಖ. ನಾಟಕಕಾರ ಟಿ. ಪಿ. ಕೈಲಾಸಂ ಅವರು ಅವರ ಆಪ್ತ ಸ್ನೇಹಿತರು. ಕೈಲಾಸಂ ಅವರೂ ತಾರುಣ್ಯದಲ್ಲಿ ಆಟೋಟಗಳಲ್ಲಿ ಪಳಗಿದವರೇ. ಇಬ್ಬರ ಗೆಳೆತನಕ್ಕೆ ಅದೂ ಒಂದು ಕಾರಣವಾಗಿದ್ದಿರಬಹುದು. ೧೯೪೬ರಲ್ಲಿ ಕೈಲಾಸಂ ತೀರಿಕೊಂಡ ಮೇಲೆ ಅಯ್ಯರ್ ಅವರು ಗೆಳೆಯನ ನೆನಪುಗಳನ್ನು ಬರೆದು ಪ್ರಕಟಿಸಿದರು. ರವಿ ಕಲಾವಿದರು ಎಂಬ ಹವ್ಯಾಸಿ ನಾಟಕ ತಂಡವನ್ನು ಕಟ್ಟಿ ಬೆಂಗಳೂರಿನ ರಂಗಭೂಮಿಗೆ ದುಡಿದರು. ತೋಳು ಬೆಳೆಸಿದವನಿಗೆ ತಲೆ ಬೆಳೆಯುವುದಿಲ್ಲವೆಂದು ಹಾಸ್ಯ ಮಾಡುವವರು ಆ ಕಾಲದಲ್ಲಿಯೂ ಇದ್ದಿರಬೇಕು. ಅವರಿಗೆ ಅಯ್ಯರ್ ಅವರ ಕಾದಂಬರಿಗಳೇ ಉತ್ತರ.

ಅವುಗಳಲ್ಲಿ ರೂಪದರ್ಶಿ ಎಂಬುದನ್ನು ಗ್ರಂಥಾಲಯದಲ್ಲಿ ಓದುವ ಅವಕಾಶ ನನಗೆ ದೊರೆಯಿತು. ಇಟಲಿಯ ಚಿತ್ರಕಾರನೊಬ್ಬನು ಬಾಲ ಯೇಸುವಿನ ಚಿತ್ರಕ್ಕೆ ಮಾದರಿಯಾಗಬಲ್ಲ ನಿರ್ಮಲವಾದ ಮುಖವನ್ನು ಹುಡುಕಿ ಒಂದು ಮಗುವನ್ನು ಕಂಡುಕೊಳ್ಳುತ್ತಾನೆ. ಬಹಳ ವರ್ಷಗಳ ಬಳಿಕ ಯೇಸುವಿಗೆ ದ್ರೋಹ ಬಗೆದ ಜೂದಾಸನ ಚಿತ್ರಕ್ಕಾಗಿ ಅತ್ಯಂತ ವಿಕಾರವಾದ ಮುಖವನ್ನು ಅರಸಿ ಹೊರಟಾಗ ಅವನಿಗೆ ಸಿಗುವವನು ಆ ಮಗುವೇ, ಬೆಳೆದು ಕೆಟ್ಟವನು. ಈ ಕಥೆಯ ಮೂಲ ಪಶ್ಚಿಮದ್ದಾದರೂ, ಒಂದೇ ದೇಹವು ದೇವರ ರೂಪವನ್ನೂ ದ್ರೋಹಿಯ ರೂಪವನ್ನೂ ತಾಳುವುದನ್ನು ಇಷ್ಟು ಮನಸ್ಸಿಟ್ಟು ಬರೆಯಲು, ದೇಹವನ್ನು ಅಳೆದು ತೂಗಿ ಬೆಳೆಸುವುದರಲ್ಲಿಯೇ ಆಯುಷ್ಯವನ್ನು ಕಳೆದವರಿಗೆ ಸಾಧ್ಯವಾಯಿತೆಂದು ನನಗೆ ಅನ್ನಿಸುತ್ತದೆ. ಶಾಂತಲಾ ಕಾದಂಬರಿಗೆ ವಿದ್ವಾಂಸರ ಮೆಚ್ಚುಗೆ ಹೆಚ್ಚು. ನನ್ನ ಓಟು ಮಾತ್ರ ರೂಪದರ್ಶಿಗೆ.

ಅಯ್ಯರ್ ಅವರು ಎಂಬತ್ತು ವರ್ಷ ದಾಟಿ ಬಾಳಿ ೧೯೮೦ರಲ್ಲಿ ನಿಧನರಾದರು. ಅವರ ಕಾದಂಬರಿಗಳು ಮರುಮುದ್ರಣಗೊಳ್ಳುತ್ತ ಬಂದಿವೆ. ಅಂಗಸಾಧನೆಯ ಅವರ ಪಾಠಗಳು ಇಂಗ್ಲಿಷಿನಲ್ಲಿದ್ದವು. ಅವುಗಳಲ್ಲಿ ಒಂದೆರಡನ್ನಾದರೂ ಸರಳ ಕನ್ನಡಕ್ಕೆ ತಂದು, ಆ ಹಳೆಯ ಭಾವಚಿತ್ರಗಳ ಸಮೇತ ಅಚ್ಚು ಹಾಕಿಸಿ, ನಮ್ಮ ತಾಲ್ಲೂಕುಗಳ ಗರಡಿಗಳಿಗೂ ಜಿಮ್ಮುಗಳಿಗೂ ಹಂಚಿದರೆ ಹೆಚ್ಚು ಖರ್ಚೇನೂ ಆಗಲಾರದು.